ರಂಗಮ್ಮಕ್ಕನ ಕುಪ್ಪೆಮೀನು

ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ್ದೆಲ್ಲ ಗಿರಾಕಿಯದೇ ಎಂಬುದು ರಂಗಮ್ಮಕ್ಕನ ಕಾನೂನು. ಉಕ್ಕಡಂ ಮೀನುಮಂಡಿಯಲ್ಲಿ ಮೀನು ಕೊಯ್ದುಕೊಡುವ ಹೆಂಗಸರು ಒಳಗಿನ ಮೊಟ್ಟೆಯನ್ನು ಮುಚ್ಚಿಟ್ಟುಕೊಳ್ಳದೆ ಗಿರಾಕಿಗೇ ಒಪ್ಪಿಸಬೇಕು, ಇಲ್ಲದಿದ್ದರೆ ಹೆಸರು ಕೆಡುತ್ತದೆ. ರಂಗಮ್ಮಕ್ಕ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಪ್ಲಾಸ್ಟಿಕ್ ಚೂರು, ನೈಲಾನ್ ದಾರ, ಶಾಂಪೂ ಪ್ಯಾಕೆಟ್ಟಿನ ಮೂಲೆ, ಸಿಕ್ಕಿದ್ದನ್ನೆಲ್ಲ ತೊಳೆದು ಮೊಟ್ಟೆಯ ಪಕ್ಕದಲ್ಲೇ ಇಟ್ಟುಕೊಡುವರು. ಮೊದಲ ಸಲ ನನ್ನ ಕೈಗೂ ಒಂದು ನೀಲಿ ಮುಚ್ಚಳ ಬಂತು.

"ಇದು ನನಗ್ಯಾಕೆ ಅಕ್ಕಾ?"

"ಮೀನು ನಿಂದು ಸಾಮಿ, ವಯಿರೊಳಗಿರೋದೂ ನಿಂದೇ. ನಾನೇನ್ ಕಳ್ಳಿಯಾ?"

ಮೈಸೂರಿನಿಂದ ಇಲ್ಲಿಯ ಪಂಪ್ ಕಾರ್ಖಾನೆಗೆ ಬಂದು ತಮಿಳು ಬಾರದೆ ಒದ್ದಾಡುತ್ತಿದ್ದ ನನಗೆ ಆ ಗದ್ದಲದಲ್ಲಿ ಕನ್ನಡ ಕೇಳಿದ್ದೇ ಹಬ್ಬ. ಅಕ್ಕನದು ಕಾರಮಡೈ ಕಡೆಯ ಒಕ್ಕಲು ಮನೆತನ. ಗಂಡ ಹೋದ ಮೇಲೆ ಒಬ್ಬ ಮಂಡಿ ಯಜಮಾನನ ಚಾವಣಿಯಡಿ ಈಳಿಗೆ ಹಾಕಿಕೊಂಡು ಕೂತವರು. ಮನೆಮಾತು ಕನ್ನಡವಾದರೂ ಅಕ್ಷರ ಗೊತ್ತಿಲ್ಲ. ನಾಲಿಗೆ ಮಾತ್ರ ಆ ಈಳಿಗೆಗಿಂತ ಹರಿತ.

ಗಿರಾಕಿಗಳು ಮುಖ ಸಿಂಡರಿಸಿ ಚೂರುಗಳನ್ನು ಅಲ್ಲೇ ಎಸೆದು ಹೋಗುವರು. ಅಕ್ಕ ಹೆಕ್ಕಿ ಗೋಣಿಗೆ ತುಂಬುವರು. ಐಸ್ ಪೆಟ್ಟಿಗೆಗಳಲ್ಲಿ ಮೀನಿನ ಜೊತೆ ಬರುವ ಹರಕು ಬಲೆಯೂ ಅದೇ ಗೋಣಿಗೆ. ಒಂದು ದಿನ ನನ್ನ ಬಳಿ ಹಳೆಯ ಕಂಬಿ ಕೇಳಿದರು. ಕಾರ್ಖಾನೆಯ ಗುಜರಿಯಿಂದ ಕೇಳಿ ತಂದೆ, ಅವರು ಹೇಳಿದ ಹಾಗೆ ಬಗ್ಗಿಸಿಯೂ ಕೊಟ್ಟೆ. ತಿಂಗಳೊಪ್ಪತ್ತಿನಲ್ಲಿ ಮಂಡಿಯ ಎದುರಿನ ಕೆರೆ ಏರಿಯ ಮೇಲೆ ಆಟೋ ಗಾತ್ರದ ಮೀನೊಂದು ಬಾಯಿ ತೆರೆದು ನಿಂತಿತು. ಮೈಗೆ ಬಲೆ, ಹೊಟ್ಟೆ ತುಂಬ ಕಡಲಿನ ಕಸ, ರೆಕ್ಕೆಗೆ ತಿರುಪ್ಪೂರಿನ ಬನಿಯನ್ ಕವರು.

"ಕಡಲು ಎಲ್ಲೋ, ನಾವೆಲ್ಲೋ. ನಮಗೇನು?" ಎಂದ ಒಬ್ಬನನ್ನು ಅಕ್ಕ ಅಲ್ಲೇ ಹಿಡಿದು ನಿಲ್ಲಿಸಿದರು.

"ಈ ಕೆರೆ ತುಂಬಿದ್ರೆ ನೊಯ್ಯಲ್, ನೊಯ್ಯಲ್ ಹೋಗಿ ಕಾವೇರಿ, ಕಾವೇರಿ ಹೋಗಿ ಕಡಲು. ನೀ ಬಿಸಾಕಿದ ಕುಪ್ಪೆ ನಿನಗಿಂತ ಜಾಸ್ತಿ ಊರು ನೋಡೈತೆ!"

ಕುಪ್ಪೆ ಎಂದರೆ ಕಸ. ಅಂದಿನಿಂದ ಅದು ಕುಪ್ಪೆಮೀನು.

ಮೀನಿಗೆಂದು ಬಂದವರು ಅದನ್ನು ನೋಡಿ ಕೋಳಿ ಅಂಗಡಿಗೆ ತಿರುಗುತ್ತಾರೆಂದು ಯಜಮಾನ ಕೆಂಡವಾದ. ಅದು ಏರಿಯಿಂದ ಹೋಗಬೇಕು, ಇಲ್ಲದಿದ್ದರೆ ಅಕ್ಕ ಚಾವಣಿಯಿಂದ ಹೋಗಬೇಕು ಎಂದ. ಹದಿನೆಂಟು ವರ್ಷ ಕೂತ ಜಾಗ. ನಾನೂ ದೊಡ್ಡ ಬುದ್ಧಿವಂತನಂತೆ, "ತೆಗೆದುಬಿಡೋಣ ಅಕ್ಕಾ, ಹೊಟ್ಟೆಪಾಡು ಮುಖ್ಯ" ಎಂದೆ. ಹಳಸಿದ ಬಂಗುಡೆಯನ್ನು ನೋಡುವಂತೆ ನನ್ನನ್ನು ನೋಡಿದರು.

ಮರುದಿನ ಬೆಳಿಗ್ಗೆ ಯಜಮಾನ ಆಳುಗಳೊಡನೆ ಬಂದಾಗ ಅಕ್ಕ ಮೀನಿನ ಬಾಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. "ಎನ್ನೆಯುಂ ಸೇತ್ತು ತೂಕ್ಕು!" ಎಂದು ತಮಿಳಿನಲ್ಲಿ ಗುಡುಗಿದರು, ನನ್ನನ್ನೂ ಸೇರಿಸಿ ಎತ್ತು ಎಂದು. ಜನ ಸೇರಿತು, ಯಾರೋ ನಕ್ಕರು, ಆಳುಗಳು ಕೈಕಟ್ಟಿ ನಿಂತರು. ಮೀನು ಉಳಿಯಿತು. ಸಂಜೆಯೊಳಗೆ ಅಕ್ಕನ ಜಾಗದಲ್ಲಿ ಬೇರೆಯವರ ಈಳಿಗೆ ಬಂದಿತ್ತು.

ಊರಿಗೆ ಹೊರಟ ಅವರನ್ನು ಬಸ್ಸು ಹತ್ತಿಸಲು ಹೋದೆ. "ದೊಡ್ಡ ಅನ್ಯಾಯ ಅಕ್ಕಾ" ಎಂದೆ.

"ಜಾಗ ಅವಂದು, ತಕ್ಕೊಂಡ. ಅದು ಬಿಡು ಸಾಮಿ. ಕಂಬಿ ಬಗ್ಗಿಸ್ದೋನು ನೀನು. ಅವತ್ತು ಗುಂಪಲ್ಲಿ ಕಡೇ ಸಾಲಲ್ಲಿ ನಿಂತಿದ್ದೆ. ನಾನ್ ಕಂಡೆ."

ಬಸ್ಸು ಹೊರಟಿತು. ನಾಚಿಕೆಯಿಂದ ಕೈ ಬೀಸಲೂ ಆಗಲಿಲ್ಲ. ಅದೇ ಕೊನೆಯ ಭೇಟಿ.

ಹೋದ ಆಷಾಢದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಅಕ್ಕ ಮತ್ತೆ ಬಂದು ಕೂತಾರೆಂದು ಅಷ್ಟು ದಿನ ಅಂಜಿದ್ದ ಯಜಮಾನ, ಇನ್ನು ಕೇಳುವವರಿಲ್ಲವೆಂದು ಮತ್ತೆ ಆಳುಗಳನ್ನು ಕರೆಸುತ್ತಿದ್ದಾನೆಂದು ತಿಳಿದು, ಕಾರ್ಖಾನೆಗೆ ರಜೆ ಹಾಕಿ ಹೋಗಿ ಮೀನಿನ ಬಾಯೊಳಗೆ ಕೂತೆ. ಒಳಗೆ ಅಸಾಧ್ಯ ನಾತ, ನನ್ನ ಉದ್ದ ಕಾಲು ಮಡಚಲೂ ಜಾಗವಿಲ್ಲ.

"ಸಾರ್, ನೀವು ಓದಿದವರು. ಏಳಿ" ಎಂದ ಯಜಮಾನ.

ನಾನು ಏಳಲಿಲ್ಲ.