ಹಾಳೆಯ ಹೊರಗಿನ ಅಂಗಳ

ಭಾನುವಾರ ಮಧ್ಯಾಹ್ನ ನನ್ನ ಮಗಳು ತನ್ನ ಲ್ಯಾಪ್‌ಟಾಪ್ ತಂದು ನನ್ನ ಹಳೆಯ ಕಂಪ್ಯೂಟರಿನ ಪಕ್ಕದಲ್ಲಿಟ್ಟಳು. ನಾನು ಹಿಂದೆಂದೋ ಮಾಡಿದ್ದ ಒಂದು ಲಗ್ನಪತ್ರಿಕೆಯ ಫೈಲನ್ನು ಪೆನ್‌ಡ್ರೈವಿನಲ್ಲಿ ಎತ್ತಿಕೊಂಡು, ಇಂಟರ್ನೆಟ್ಟಿನಲ್ಲೇ ಡಿಸೈನ್ ಮಾಡುವ ಹೊಸ ಜಾಗಕ್ಕೆ ಏರಿಸಿದಳು. ಕ್ಲೌಡ್ ಅಂತಾರಲ್ಲ, ಅದು.

"ನೋಡ್ರಿ ಅಬ್ಬಾ, ಮ್ಯಾಲ ಹೋತು."

"ಮ್ಯಾಲ ಹೋತು ಅನಬ್ಯಾಡ ಬೇ, ಯಾರೋ ಸತ್ತಂಗ ಕೇಳ್ತೈತಿ," ಅಂದೆ.

ನಕ್ಕಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಪತ್ರಿಕೆ ಚೆನ್ನಾಗಿಯೇ ಬಂದಿತ್ತು. ಗಣಪತಿ ಮೇಲೆ ಕೂತಿದ್ದ, ವಧು ವರರ ಹೆಸರು ಇದ್ದಲ್ಲೇ ಇದ್ದವು, ಕೆಳಗೆ ಆಗಮನಾಭಿಲಾಷಿಗಳ ದೊಡ್ಡ ಪಟ್ಟಿ. ಆದರೆ ಹಾಳೆಯ ಎಡಕ್ಕೆ ಇರಬೇಕಾದ ನಾಲ್ಕು ಸಾಲು ಕಾಣಲಿಲ್ಲ. ಆ ಕಡೆ ಸರಿಸಿದೆ, ಈ ಕಡೆ ಸರಿಸಿದೆ. ಇಲ್ಲ.

"ಇದರ ಅಂಗಳ ಎಲ್ಲೈತಿ?"

"ಯಾವ ಅಂಗಳ?"

"ಹಾಳಿ ಹೊರಗಿಂದು."

"ಓ, ಅದಾ? ಹಾಳಿ ಒಳಗಿದ್ದದ್ದಷ್ಟ ತಗೋತೈತಿ ಅಬ್ಬಾ. ಹೊರಗಿನ ಕಸ ಎಲ್ಲಾ ತಾನ ಕತ್ತರಿಸಿ ಒಗೀತೈತಿ. ಛಲೋ ಆತಲ್ಲ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಕಸ ನಿನ್ನ ಲ್ಯಾಪ್‌ಟಾಪು," ಅಂದು ಎದ್ದು ಹೊರಗೆ ಹೋದೆ. ಅವಳಿಗೆ ಏನೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಅಂಗಳದ ವಿಷಯ ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಅವಳ ತಾಯಿ. ಅವಳ ತಾಯಿ ತೀರಿಕೊಂಡು ನಾಲ್ಕು ವರ್ಷ. ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಸಿಂಧನೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್, ರೈಸ್ ಮಿಲ್ಲಿನ ಚೀಲದ ಮೇಲೆ ಅಚ್ಚಾಗುವ ಚಿತ್ರ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಎಲ್ಲ ಮಾಡುತ್ತೇವೆ. ಕಂಪ್ಯೂಟರ್ ಒಂದೇ, ಕೂರುವವರು ಇಬ್ಬರು. ಬೆಳಿಗ್ಗೆ ನಾನು. ಹನ್ನೊಂದರ ಮೇಲೆ ನಾನು ಬಸ್ಸು ಹತ್ತಿ ಲಿಂಗಸುಗೂರಿನ ಪ್ರೆಸ್ಸಿಗೋ, ಬ್ಯಾನರ್ ಕಟ್ಟಲು ಬಳಗಾನೂರಿಗೋ ಹೋದರೆ, ಹೆಂಡತಿ ಅಡುಗೆ ಮುಗಿಸಿ ಬಂದು ಕೂರುತ್ತಿದ್ದಳು. ನಾನು ಅರ್ಧ ಮಾಡಿಟ್ಟದ್ದನ್ನು ಅವಳು ಮುಂದುವರಿಸಬೇಕು, ಅವಳು ಬಿಟ್ಟದ್ದನ್ನು ಮರುದಿನ ನಾನು ಮುಗಿಸಬೇಕು. ಟೈಪಿಂಗಿನಲ್ಲಿ ನನಗಿಂತ ಅವಳದೇ ಕೈ ಚುರುಕು.

ಆ ಹಳೆಯ ಸಾಫ್ಟ್‌ವೇರಿನಲ್ಲಿ ನಡುವೆ ಬಿಳಿ ಹಾಳೆ, ಸುತ್ತ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಏನಿಟ್ಟರೂ ಅಚ್ಚಾಗುವುದಿಲ್ಲ. ನಮ್ಮಂಥವರು ಬೇಡವಾದ ಹೂಬಳ್ಳಿ, ಹೆಚ್ಚಾದ ಗಣಪತಿ, ಯಾರದೋ ಮಾವನ ಫೋಟೋ ಎಲ್ಲವನ್ನೂ ಅಲ್ಲಿ ರಾಶಿ ಹಾಕಿರುತ್ತೇವೆ. ಅದಕ್ಕೆ ಅಂಗಳ ಅಂತ ಹೆಸರಿಟ್ಟವಳು ಅವಳೇ. ಒಂದು ದಿನ ಬೆಳಿಗ್ಗೆ ಫೈಲ್ ತೆರೆದರೆ ಅಲ್ಲೊಂದು ಸಾಲು: "ವರನ ಅಪ್ಪನ ಹೆಸರು ಎರಡ ಸಲ ಹೊಡದೀರಿ. ಕಣ್ಣು ಎಲ್ಲಿದ್ದವು?" ನಾನು ಅದರ ಕೆಳಗೆ ಹೊಡೆದೆ: "ನಿನ್ನ ಮ್ಯಾಲ." ಅಲ್ಲಿಂದ ಶುರುವಾಯಿತು.

ಆಮೇಲೆ ಅಂಗಳದಲ್ಲಿ ಏನೇನು ಬರಲಿಲ್ಲ! "ಬರುವಾಗ ತೊಗರಿಬ್ಯಾಳಿ ತರ್ರಿ, ಮರತರ ಉಪವಾಸ." "ಈ ಮದುಮಗ ಫೋಟೋದಾಗ ತೆಳ್ಳಗ ಕಾಣಬೇಕಂತ. ಅವನ ಹೊಟ್ಟಿ ಕರಗಸೋದು ನನ್ನಿಂದ ಆಗಂಗಿಲ್ಲ, ನೀವ ಮಾಡ್ರಿ." ಜಗಳಗಳೂ ಅಲ್ಲೇ ಆಗುತ್ತಿದ್ದವು. "ನಿನ್ನೆ ಗಿರಾಕಿ ಮುಂದ ನನಗ ಒದರಿದ್ರಿ. ಎರಡ ದಿನ ನಿಮ್ಮ ಕೂಡ ಮಾತಿಲ್ಲ." ಮಾತಿಲ್ಲ ಅಂದವಳು ಅದೇ ದಿನ ಇನ್ನೊಂದು ಫೈಲಿನಲ್ಲಿ, "ಬಿಸಲಾಗ ಫ್ಲೆಕ್ಸ್ ಕಟ್ಟಾಕ ಹೋಗೀರಿ, ನೀರ ಕುಡದ್ರೋ ಇಲ್ಲೋ," ಅಂತ ಬರೆದಿರುತ್ತಿದ್ದಳು.

ಮನೆಯಲ್ಲಿ ನಾನೂ ಅವಳೂ ಆಡುತ್ತಿದ್ದದ್ದು ದಖನಿ ಉರ್ದು; ಶಾಲೆಯ ಕನ್ನಡವನ್ನೇ ಮನೆಗೂ ತಂದವಳು ಮಗಳು. ನಮ್ಮಿಬ್ಬರಿಗೆ ಅಂಗಳದಲ್ಲಿ ಮಾತ್ರ ಕನ್ನಡ, ಯಾಕೆಂದರೆ ಕೀಬೋರ್ಡಿನ ಮೇಲೆ ಅವಳ ಬೆರಳಿಗೆ ಬರುತ್ತಿದ್ದದ್ದು ಅದೊಂದೇ. ಕನ್ನಡ ಶಾಲೆಯಲ್ಲಿ ಓದಿದವಳು. ಬಾಯಿಬಿಟ್ಟು ಹೇಳಲು ನಾಚುತ್ತಿದ್ದ ಮಾತನ್ನು ಅವಳು ಕನ್ನಡದಲ್ಲಿ ಸಲೀಸಾಗಿ ಬರೆಯುತ್ತಿದ್ದಳು. ನಿಮ್ಮ ನೆನಪು ಬರ್ತದೆ ಅಂತ ದಖನಿಯಲ್ಲಿ ಒಂದು ಸಲವೂ ನನಗೆ ಅಂದವಳಲ್ಲ. ಅಂದರೆ ಒಳಗೆ ಕೂತ ನನ್ನ ತಾಯಿಗೆ ಕೇಳಿಸುತ್ತಿತ್ತು. ಕನ್ನಡದಲ್ಲಿ ಹೊಡೆದರೆ ಅದು ಅಂಗಡಿಯ ಮಾತಾಗುತ್ತಿತ್ತು, ಯಾರೋ ಬೇರೆಯವರ ಮಾತಿನ ಹಾಗೆ. ಲಿಂಗಸುಗೂರಿಗೆ ಹೋಗಿ ಎರಡು ದಿನ ಪ್ರೆಸ್ಸಿನಲ್ಲೇ ಉಳಿದು ಬಂದಾಗ ಒಂದು ಅಕ್ಕಿ ಚೀಲದ ಚಿತ್ರದ ಪಕ್ಕದಲ್ಲಿ ಬರೆದಿದ್ದಳು, "ನೀವಿಲ್ಲದ ಮನಿ ಭಣಭಣ ಅಂತೈತಿ." ಆ ಚೀಲ ಈಗಲೂ ಮಾರುಕಟ್ಟೆಯಲ್ಲಿ ಓಡಾಡುತ್ತದೆ. ನೋಡಿದಾಗಲೆಲ್ಲ ನನಗೆ ಅಕ್ಕಿ ಕಾಣುವುದಿಲ್ಲ, ಆ ಸಾಲು ಕಾಣುತ್ತದೆ.

ಈಗ ಹೇಳಿ, ಇದು ಕಸವೇ?

ಆದರೂ ಮಗಳು ಹೇಳುವುದರಲ್ಲಿ ಸುಳ್ಳೇನಿಲ್ಲ. ಅವಳು ಮಸ್ಕಿಯ ಹೈಸ್ಕೂಲಿನಲ್ಲಿ ಟೀಚರ್, ಲೆಕ್ಕ ಕಲಿಸುವವಳು, ಎರಡೂ ಕಡೆ ತೂಗಿಯೇ ಮಾತಾಡುತ್ತಾಳೆ. ಹಳೆಯ ಯಂತ್ರ ಕರೆಂಟು ಹೋಗಿ ಬಂದಾಗಲೆಲ್ಲ ಮುನಿಸಿಕೊಳ್ಳುತ್ತದೆ. ಹಾರ್ಡ್‌ಡಿಸ್ಕ್ ಎರಡು ಸಲ ಕಟಕಟ ಅಂದಿದೆ. ರಿಪೇರಿಯವನು ಕೈಮುಗಿದು, "ಸಾಹೇಬ್ರ, ಇದರ ಸಾಮಾನು ಈಗ ಸಿಗಂಗಿಲ್ರಿ," ಅಂದುಬಿಟ್ಟಿದ್ದಾನೆ. ಅದು ಕೈಕೊಟ್ಟ ದಿನ ಒಳಗಿನದು, ಹೊರಗಿನದು ಎರಡೂ ಹೋಗುತ್ತವೆ. ಗಿರಾಕಿಗಳೂ ಬದಲಾಗಿದ್ದಾರೆ. ಮೊದಲು ಮಾವ, ಕಾಕಾ, ಅಳಿಯ ಅಂತ ಐದು ಮಂದಿ ಬಂದು ಬೆನ್ನ ಹಿಂದೆ ನಿಂತು ಹೆಸರು ತಿದ್ದಿಸುತ್ತಿದ್ದರು. ಈಗ, "ಲಿಂಕ್ ಹಾಕ್ರಿ, ನಾವ ತಿದ್ದಕೋತೀವಿ," ಅನ್ನುತ್ತಾರೆ. ಲಿಂಗಸುಗೂರಿನ ಪ್ರೆಸ್ಸಿನ ಮಾಲೀಕನನ್ನು ಕೇಳಿದರೆ ಅವನು ಬಿದ್ದು ಬಿದ್ದು ನಕ್ಕ.

"ಏನ್ರಿ ನೀವು, ಎಲ್ಲಾರ ಡಿಸೈನು ಮೊಬೈಲಿನಾಗ ಬಂದು ಬೀಳ್ತಾವ. ಪೆನ್‌ಡ್ರೈವ್ ಕಿಸೆದಾಗ ಇಟ್ಟಕೊಂಡು ಬಸ್ ಹತ್ತಿ ಬರೋರು ನೀವೊಬ್ರ ಉಳದೀರಿ. ನಿಮ್ಮನ್ನ ನೋಡಿದ್ರ ಪೋಸ್ಟ್‌ಮನ್ ನೆನಪಾಗ್ತಾನ."

"ನೆನಪಾಗ್ಲಿ ಬಿಡ್ರಿ," ಅಂದೆ, "ಅವನೂ ಮರ್ಯಾದಸ್ತ ಮನುಷ್ಯಾನ."

ಇನ್ನೊಂದು ಕಡೆ ನೋಡಿದರೆ, ನೆಟ್ ಹೋದ ದಿನ ಕೈಕಟ್ಟಿ ಕೂರಬೇಕು. ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಹಳೆಯ ಕನ್ನಡ ಅಕ್ಷರಗಳಲ್ಲಿ ಕೆಲವು ಅಲ್ಲಿಗೆ ಹೋದೊಡನೆ ಯಾವ ದೇಶದ್ದೋ ಚಿಹ್ನೆಗಳಾಗಿ ಕೂರುತ್ತವೆ. ಅದನ್ನೆಲ್ಲ ಹೇಗೋ ಸಂಭಾಳಿಸಬಹುದು. ಆದರೆ ಅಂಗಳವನ್ನು ಏನು ಮಾಡುವುದು? ನನ್ನ ಹೆಂಡತಿ ಕೈಯಾರೆ ಬರೆದ ಒಂದು ಚೀಟಿಯೂ ನನ್ನ ಬಳಿ ಇಲ್ಲ. ಅವಳು ನನಗೆ ಬರೆದದ್ದೆಲ್ಲ ಆ ಹಾಳೆಗಳ ಹೊರಗೇ ಇತ್ತು.

ಮಗಳಿಗೆ ಇಷ್ಟೇ ಹೇಳಿದೆ: "ಒಂದ ತಿಂಗಳ ಟೈಮ್ ಕೊಡು. ಎಲ್ಲಾ ಫೈಲು ನಾನ ಒಂದೊಂದ ತಗದು ನೋಡ್ತೀನಿ. ಆಮ್ಯಾಲ ನಿನ್ನ ಕ್ಲೌಡಿಗೆ ಬರ್ತೀನಿ." ಯಾಕೆ ಅಂತ ಕೇಳಿದಳು. ಹೇಳಲಿಲ್ಲ. ಗಂಡ ಹೆಂಡಿರ ಮಾತನ್ನು ಮಗಳಿಗೆ ಹೇಗೆ ಹೇಳುವುದು?

ಅಂದಿನಿಂದ ದಿನಾ ಮಧ್ಯಾಹ್ನ ನಮಾಜು ಮುಗಿಸಿ ಬಂದು ಕೂರತೊಡಗಿದೆ. ಫೈಲ್ ತೆರೆಯುವುದು, ಅಂಗಳದಲ್ಲಿ ಹೆಂಡತಿಯ ಸಾಲು ಇದ್ದರೆ ಅದನ್ನು ಹಿಡಿದು ಮೆಲ್ಲಗೆ ಹಾಳೆಯ ಒಳಗೆ ಎಳೆದು ತರುವುದು, ಬೇರೆ ಹೆಸರಿನಲ್ಲಿ ಇಡುವುದು. ಒಂದು ದಿನಕ್ಕೆ ಮೂವತ್ತು ಫೈಲು ಮುಗಿಸಬೇಕು ಅಂದುಕೊಂಡವನು ಎಂಟು ಹತ್ತಕ್ಕೇ ಸುಸ್ತಾಗುತ್ತಿದ್ದೆ. ಒಬ್ಬನೇ ಕೂತು ನಗುತ್ತಿದ್ದೆ. ನಕ್ಕ ಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ. ಯಾರೋ ಗಿರಾಕಿ ಬಂದು, "ಯಾಕ್ರಿ, ಕಣ್ಣ ಕೆಂಪಾಗ್ಯಾವ?" ಅಂದರೆ, "ಕಂಪ್ಯೂಟರ್ ನೋಡಿ ನೋಡಿ," ಅಂತಿದ್ದೆ. ಅದು ಸುಳ್ಳೇನೂ ಅಲ್ಲ.

ಮೂರನೆಯ ವಾರದ ಗುರುವಾರ ಒಂದು ಪತ್ರಿಕೆ ಸಿಕ್ಕಿತು. ವಳಕಮದಿನ್ನಿ ಕಡೆಯ ಮದುವೆ. ಏನೋ ಮಾತಿಗೆ ಮಾತು ಬೆಳೆದು ಆ ಸಂಬಂಧ ಮುರಿದಿತ್ತು. ಅವಳು ಪತ್ರಿಕೆ ಸಿದ್ಧಮಾಡಿದ ಮರುದಿನ ಬೆಳಿಗ್ಗೆಯೇ ಹುಡುಗಿಯ ಮನೆಯವರು ಫೋನ್ ಮಾಡಿ ಬೇಡ ಅಂದಿದ್ದರು. ಅಚ್ಚಿಗೆ ಹೋಗದ ಫೈಲನ್ನು ಯಾರು ತೆರೆಯುತ್ತಾರೆ? ನಾನೂ ತೆರೆದಿರಲಿಲ್ಲ. ನೋಡದೆಯೇ ಅಳಿಸಿಬಿಡೋಣ ಅಂದುಕೊಂಡವನು, ಇರಲಿ ಅಂತ ತೆರೆದೆ. ಬಲಗಡೆ ಅಂಗಳದಲ್ಲಿ ಸಣ್ಣ ಅಕ್ಷರ.

"ಬಾಯಿಲೆ ಹೇಳಾಕ ನಾಚಿಕಿ ಬರ್ತೈತಿ, ಅದಕ್ಕ ಇಲ್ಲಿ ಬರದೀನಿ. ನನ್ನ ಎಡಗಡೆ ಎದಿಯಾಗ ಒಂದು ಗಂಟು ಕೈಗೆ ಹತ್ತತೈತಿ. ಹುಣಸಿ ಬೀಜದಷ್ಟು. ನೋವಿಲ್ಲ. ಲಗ್ನದ ಸೀಜನ್ ಐತಿ, ನನಗೂ ಗೊತ್ತೈತಿ. ಆದ್ರೂ ನಿಮಗ ಪುರಸೊತ್ತಾದಾಗ ಒಂದ ಸಲ ದವಾಖಾನಿಗೆ ಕರಕೊಂಡು ಹೋಗ್ರಿ. ನಿಮ್ಮ ಅಮ್ಮಾಗ ಹೇಳಬ್ಯಾಡ್ರಿ."

ಯಾ ಅಲ್ಲಾ ಅಂದೆನೋ ಏನೋ, ನೆನಪಿಲ್ಲ. ಫೈಲಿನ ದಿನಾಂಕ ನೋಡಿದೆ. ನಾವು ಡಾಕ್ಟರ ಬಳಿ ಹೋದದ್ದಕ್ಕಿಂತ ಐದು ತಿಂಗಳು ಮುಂಚಿನದು.

ಆಗ ನೆನಪಾಯಿತು. ಅಂಗಳದಲ್ಲಿ ಏನಾದರೂ ಬರೆದರೆ ಮರುದಿನ ಸಂಜೆ ಚಹಾ ಕೊಡುವಾಗ ಕೇಳುವುದು ಅವಳ ರೂಢಿ. "ದೇಖೇ ಕ್ಯಾ?" ನೋಡಿದ್ರಾ ಅಂತ, ದಖನಿಯಲ್ಲಿ. "ಹೌ," ಅನ್ನುವುದು ನನ್ನ ರೂಢಿ. ನೋಡಿದ್ದರೂ ಹೌ, ನೋಡದಿದ್ದರೂ ಹೌ. ಬೇಳೆ, ಸಕ್ಕರೆ ಏನೋ ಇರುತ್ತದೆ, ನಾಳೆ ನೋಡಿದರಾಯಿತು ಅಂತ ಸೋಮಾರಿತನ. ಆ ಸೀಜನ್ನಿನಲ್ಲೂ ಒಂದು ಸಂಜೆ ಹಾಗೆಯೇ ಕೇಳಿದಳು. ಕಪ್ಪು ಕೊಟ್ಟು ಒಳಗೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು. ನಾನು ಮೊಬೈಲಿನಿಂದ ತಲೆ ಎತ್ತದೆ, "ಹೌ," ಅಂದೆ. "ಫಿರ್?" ಅಂದಳು. ಮತ್ತೇನು ಮಾಡೋದು ಅಂತ. "ಸೀಜನ್ ಮುಗಿಯಲಿ," ಅಂದೆ. ಆ ದಿನಗಳಲ್ಲಿ ಅವಳು ಹೊಸ ಕುಕ್ಕರ್ ಬೇಕು ಅಂತ ಹಿಂದೆ ಬಿದ್ದಿದ್ದಳು. ನಾನು ಅದೇ ವಿಷಯ ಅಂದುಕೊಂಡಿದ್ದೆ.

ಐದು ತಿಂಗಳಾದ ಮೇಲೆ ಅವಳ ಎಡಗೈ ಬಾತು, ಎತ್ತಲಾಗದೆ ಹೋಯಿತು. ಲಿಂಗಸುಗೂರಿನಲ್ಲಿ ಡಾಕ್ಟರು ನೋಡಿ, ಇನ್ನಷ್ಟು ಮೊದಲು ಬರಬೇಕಿತ್ತು ಅಂದರು. ಹೊರಗೆ ಬಂದವನೇ ನಾನು, ಬೆಂಚಿನ ಮೇಲೆ ಕೂತ ಮಂದಿಯ ಎದುರಿಗೇ ಅವಳ ಮೇಲೆ ಹರಿಹಾಯ್ದೆ. ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ. "ಬಾಯಿಗೇನ ಬೀಗ ಹಾಕ್ಕೊಂಡಿದ್ದೇನ? ಮೊದಲ ಹೇಳಾಕ ಏನ ಧಾಡಿ ಆಗಿತ್ತು ನಿನಗ?" ಅವಳು ನನ್ನ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು, "ನಡೀರಿ, ಬಸ್ ಹೋಗ್ತೈತಿ," ಅಂದಳು, ಅಷ್ಟೇ. ಆ ನೋಟವನ್ನು ನಾನು ಇಷ್ಟು ವರ್ಷ ಹೆದರಿಕೆ ಅಂತ ತಿಳಿದುಕೊಂಡಿದ್ದೆ.

ಭಾನುವಾರ ಮಗಳು ಬಂದಳು. ಮೂರು ದಿನ ನಾನು ಸರಿಯಾಗಿ ಉಂಡಿರಲಿಲ್ಲ. ಆ ಫೈಲ್ ತೆರೆದು, ಕುರ್ಚಿ ಬಿಟ್ಟುಕೊಟ್ಟು, ಹಾಳೆಯ ಹೊರಗೆ ಬೆರಳು ತೋರಿಸಿದೆ. ಓದಿದಳು. ಮೊದಲಿಂದ ಇನ್ನೊಮ್ಮೆ ಓದಿ, ತಿರುಗದೆಯೇ ಕೇಳಿದಳು.

"ಇದನ್ನ ಯಾವಾಗ ಓದಿದ್ರಿ ಅಬ್ಬಾ?"

"ಗುರುವಾರ."

"ಯಾವ ಗುರುವಾರ?"

"ಮೊನ್ನಿಂದು."

ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದಳು. ತಾಯಿ ಹೋದ ಮೇಲೆ ಅವಳು ಪ್ರತಿ ಭಾನುವಾರ ಬರುತ್ತಾಳೆ, ಅಡುಗೆ ಮಾಡುತ್ತಾಳೆ, ನನ್ನ ಗುಳಿಗೆ ತಂದಿಡುತ್ತಾಳೆ. ತಾಯಿಯ ಮಾತು ಬಂದರೆ ಮಾತ್ರ ಎದ್ದು ಹೋಗುತ್ತಾಳೆ. ದುಃಖಕ್ಕೆ ಅಂತ ನಾನು ತಿಳಿದಿದ್ದೆ.

"ಅಮ್ಮಿ ಹಾಸಿಗಿ ಹಿಡದಾಗ ನನಗ ಹೇಳಿದ್ಲು," ಅಂದಳು. "'ನಿಮ್ಮ ಅಬ್ಬಾಗ ಮೊದಲ ಬರದು ತಿಳಿಸೀನಿ. ನೋಡ್ಯಾರ. ಸೀಜನ್ ಮುಗೀಲಿ ಅಂದ್ರು' ಅಂದ್ಲು. ಚೀಟಿಯಾಗ ಬರದಿರಬೇಕು ಅಂತ ನಾ ಅಂದಕೊಂಡೆ. ಸಿಟ್ಟಿಗೆ ಎದ್ದು ನಿಮ್ಮನ್ನ ಕೇಳಾಕ ಹೊಂಟಿದ್ದೆ. ಕೈ ಹಿಡದು ಕುಂದ್ರಿಸಿದ್ಲು. 'ಏನೂ ಅನಬ್ಯಾಡ, ದುಡಿಯೋ ಮನುಷ್ಯಾ, ಗದ್ದಲದಾಗ ಮರತಿರ್ತಾರ. ನಾ ಮಾಫ್ ಮಾಡೀನಿ, ನೀನೂ ಮಾಡು' ಅಂದ್ಲು." ತಿರುಗಿ ಪರದೆಯನ್ನು ನೋಡಿದಳು. "ನನಗ ಆಗಿರ್ಲಿಲ್ಲ ಅಬ್ಬಾ. ನಾಕ ವರ್ಷ ನನಗ ಆಗಿರ್ಲಿಲ್ಲ."

ನಾನು ಓದೇ ಇರಲಿಲ್ಲ ಬೇಟಿ ಅಂದೆ. ಅವಳು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಮೌಸ್ ಹಿಡಿದು ಹಾಳೆಯ ಅಂಚನ್ನು ಎಳೆದಳು. ಎಳೆದು ಎಳೆದು, ತಾಯಿಯ ಮಾತೆಲ್ಲ ಒಳಗೆ ಬರುವಷ್ಟು ಅಗಲ ಮಾಡಿದಳು. ನನಗೆ ಇದು ಹೊಳೆದೇ ಇರಲಿಲ್ಲ. ಉಳಿದ ಫೈಲುಗಳನ್ನೂ ಹಾಗೆಯೇ ಅಗಲ ಮಾಡಿ ಎರಡು ಭಾನುವಾರಗಳಲ್ಲಿ ಮೇಲೆ ಏರಿಸಿಬಿಟ್ಟಳು.

ಈಗ ನಾನೂ ಕ್ಲೌಡಿನಲ್ಲೇ ಕೆಲಸ ಮಾಡುತ್ತೇನೆ. ಕೆಲಸ ಸಲೀಸು, ಬೈಯುವಂಥದ್ದೇನಿಲ್ಲ. ಆ ಮುರಿದ ಮದುವೆಯ ಪತ್ರಿಕೆಯೂ ಅಲ್ಲಿದೆ, ಇಲ್ಲಿಂದ ನಾನೂ ಮಸ್ಕಿಯಿಂದ ಮಗಳೂ ಬೇಕೆಂದಾಗ ನೋಡಬಹುದು. ಹೆಂಡತಿಯ ಸಾಲಿನ ಕೆಳಗೆ ಉತ್ತರ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ನಾನು ಓದಿರಲಿಲ್ಲ ಅಂತ ಹೊಡೆಯುತ್ತೇನೆ, ಅಳಿಸುತ್ತೇನೆ. ಅದನ್ನು ಓದಬೇಕಾದವಳು, ನಾನು ಓದಿಯೂ ಸುಮ್ಮನಿದ್ದೆ ಅಂತಲೇ ನಂಬಿಕೊಂಡು, ಅದಕ್ಕೂ ನನ್ನನ್ನು ಮಾಫ್ ಮಾಡಿ ಹೋದಳು.