ಹನಿ ಮೇಡಂ ಮತ್ತು ಕಾಣದ ಗುಲಾಬಿ

ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುವ ಆಕೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಹನಿ ಮೇಡಂ. ಬಣ್ಣ ತೋರುವ ಸೂಚಕ ಬೆರೆಸಿದ ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡುವಾಗ, ದ್ರಾವಣ ನಸುಗುಲಾಬಿಗೆ ತಿರುಗಿದ ಹನಿಗೇ ಕೈ ನಿಲ್ಲಬೇಕು, ಆಗಲೇ ಅಳತೆ ಸರಿ. ಒಂದು ಹನಿ ಹೆಚ್ಚಾದರೂ ಆಕೆ ಮುಲಾಜಿಲ್ಲದೆ ಚೆಲ್ಲಿಸಿ ಮೊದಲಿನಿಂದ ಮಾಡಿಸುತ್ತಿದ್ದರು.

ಸೋಂಕು ಹಬ್ಬಿ ಲ್ಯಾಬಿಗೆ ಬೀಗ ಬಿತ್ತು. ತರಗತಿಗಳೆಲ್ಲ ಮೊಬೈಲಿಗೆ ಬಂದವು. ಪಾಠವನ್ನಾದರೆ ಹೇಗೋ ಒದರಬಹುದು, ಪ್ರಯೋಗ? ಈ ಕೊನೆಯ ವರ್ಷದವರು ಪಾಸಾಗಿ ಔಷಧಿ ಪರೀಕ್ಷಿಸುವ ಕೆಲಸಕ್ಕೆ ಹೋಗುವವರು. ಎಲ್ಲಿ ನಿಲ್ಲಿಸಬೇಕೆಂದು ಒಮ್ಮೆಯಾದರೂ ಕಣ್ಣಾರೆ ಕಾಣದೆ ಹೋದರೆ ಗತಿಯೇನು ಎಂಬ ಚಿಂತೆ ಆಕೆಯನ್ನು ತಿನ್ನುತ್ತಿತ್ತು. ವಿಭಾಗದ ಮುಖ್ಯಸ್ಥರೋ, "ಯಾವ್ದಾದ್ರೂ ವಿಡಿಯೋ ತೋರಿಸಿ ಕೈ ತೊಳ್ಕೊಳ್ಳಿ ಮೇಡಂ" ಎಂದು ಪುಕ್ಕಟೆ ಸಲಹೆ ಕೊಟ್ಟು ಫೋನಿಟ್ಟರು.

ಆಕೆ ಹಠಕ್ಕೆ ಬಿದ್ದು, ಲ್ಯಾಬಿನ ಬೀಗ ತೆಗೆಸಿ ಗಾಜಿನ ಕೊಳವೆ, ಸ್ಟ್ಯಾಂಡು, ಸೀಸೆಗಳನ್ನು ಮನೆಗೆ ಹೊತ್ತು ತಂದರು. ಊಟದ ಮೇಜೇ ಲ್ಯಾಬ್ ಆಯಿತು. ಮೊಬೈಲ್ ಹಿಡಿಯುವ ಕೆಲಸ ಗಂಡನ ತಲೆಗೆ ಬಿತ್ತು.

"ಅಲ್ಲಾಡಿಸ್ಬೇಡೀಂದ್ರೆ!"

"ನಾನೇನು ಸ್ಟ್ಯಾಂಡಾ?" ಎಂದು ಆತ ಗೊಣಗಿದರು.

ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಫ್ಲಾಸ್ಕಿನಲ್ಲಿ ನಸುಗುಲಾಬಿ ಮೂಡಿತು. "ನೋಡಿ, ಇದೇ!" ಎಂದರು ಮೇಡಂ.

"ನೀರಿನ ಥರಾನೇ ಇದೆ ಮೇಡಂ" ಎಂದಿತು ಮೊಬೈಲಿನೊಳಗಿಂದ ವಿದ್ಯಾರ್ಥಿಯೊಬ್ಬನ ದನಿ.

ಪರದೆಯಲ್ಲಿ ಇಣುಕಿ ನೋಡಿದರೆ ಹೌದು. ಹಾಳು ಕ್ಯಾಮೆರಾ ಆ ತೆಳುಬಣ್ಣವನ್ನು ನುಂಗಿ ನೀರು ಕುಡಿದಿತ್ತು. ದೀಪ ಹಾಕಿದರು, ಆರಿಸಿದರು, ಹಿಂದೆ ಬಿಳಿ ಹಾಳೆ ಹಿಡಿದರು. ಊಹೂಂ. ತಾಳ್ಮೆ ಕೆಟ್ಟು ಮತ್ತಷ್ಟು ಕ್ಷಾರ ಬಿಟ್ಟರು. ಫ್ಲಾಸ್ಕು ಕಡುಗುಲಾಬಿಯಾಯಿತು.

"ಈಗ ಕಾಣಿಸ್ತು ಮೇಡಂ! ಸೂಪರ್!"

"ಇದು ತಪ್ಪು ಕಣ್ರೋ! ಜಾಸ್ತಿಯಾಗ್ಹೋಗಿದೆ!"

ಈ ಮಕ್ಕಳಿಗೆ ನನ್ನ ಕೈಯಲ್ಲಿ ತೋರಿಸಲಾಗುವುದು ತಪ್ಪೊಂದೇ ಅಲ್ಲವೇ ಎಂದು ಆಕೆಗೆ ಮೈಯೆಲ್ಲ ಉರಿಯಿತು. ಚೆಲ್ಲಿ, ತೊಳೆದು, ಮತ್ತೆ ಶುರು ಮಾಡಿದರು. ಸರಿಯಾದ ಹನಿಗೆ ಕೈ ನಿಲ್ಲಿಸಿದರು.

"ಈಗ ಬಂದಿದೆ ನೋಡಿ. ಕಾಣಿಸ್ತಾ?"

ಹುಡುಗಿಯೊಬ್ಬಳು ಮೆಲ್ಲಗೆ, "ಕಾಣಿಸ್ತಿಲ್ಲ ಮೇಡಂ. ಪರ್ವಾಗಿಲ್ಲ, ನೀವು ಹೇಳ್ತಿದೀರಲ್ಲ, ನಂಬ್ತೀವಿ" ಎಂದಳು.

ಪಾಪ, ಸಮಾಧಾನಕ್ಕೆಂದು ಆಡಿದ ಮಾತು. ಮೇಡಂಗೆ ಮಾತ್ರ ಅಳುವೇ ಬಂದುಬಿಟ್ಟಿತು. "ನಂಬ್ಬೇಡ್ರೇ!" ಎಂದು ಕೂಗಿದರು. "ಯಾರು ಹೇಳಿದ್ರೂ ನಂಬ್ಬೇಡಿ, ನಾನು ಹೇಳಿದ್ರೂ ನಂಬ್ಬೇಡಿ! ನಿಮ್ಮ ಕಣ್ಣಲ್ಲೇ ನೋಡ್ಬೇಕು, ತಿಳೀತಾ?"

ಪರದೆಯ ಮೇಲೆ ಒಂದರ ಕೆಳಗೊಂದು ಉತ್ತರ ಬಂದವು. "ಸರಿ ಮೇಡಂ." "ಸರಿ ಮೇಡಂ." "ಸರಿ ಮೇಡಂ."