ಉಲ್ಟಾ ದಿನದ ಆಯಮ್ಮ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಒಂದನೇ ತರಗತಿಯ ಖಾಲಿ ಕೋಣೆಯಲ್ಲಿ ಐವತ್ತೇಳು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಹಿಂದಕ್ಕೆ ಸರಿಯುತ್ತಿದ್ದಾರೆ. ತಲೆಯ ಮೇಲೊಂದು ಪ್ಲಾಸ್ಟಿಕ್ ಲೋಟ. ಕಪ್ಪುಹಲಗೆಯಿಂದ ಕಿಟಕಿಗೆ ಹದಿನಾಲ್ಕು ಅಡಿ. ಮೂರು ಸಲ ಲೋಟ ಬೀಳುತ್ತದೆ. ನಾಲ್ಕನೇ ಸಲ ಅವರ ಮೊಣಕೈ ಕಪಾಟಿನ ಮೂಲೆಗೆ ತಾಗುತ್ತದೆ. ಎದ್ದು, ಮೂಲೆಗೆ ಹಳೆಯ ಟವೆಲ್ ಸುತ್ತಿ ದಾರ ಬಿಗಿದು, ಮತ್ತೆ ಮಂಡಿಯೂರುತ್ತಾರೆ.

"ನಿಂತ್ಕೊಂಡು ನೋಡಿದ್ರೆ ಈ ಮೂಲೆ ಲೆಕ್ಕಕ್ಕೇ ಬರಲ್ಲ," ಎನ್ನುತ್ತಾರೆ. "ಮಕ್ಕಳ ಎತ್ತರಕ್ಕೆ ಇಳಿದು ನೋಡಿ. ನೇರ ಕಣ್ಣಿಗೇ ಬರುತ್ತೆ."

ಶಾಲೆಯ ದಾಖಲೆಯಲ್ಲಿ ಇವರ ಹುದ್ದೆ ಸಹಾಯಕಿ. ಮಕ್ಕಳಿಗೆ ಆಯಮ್ಮ. ಹತ್ತೊಂಬತ್ತು ವರ್ಷಗಳಿಂದ ಕಸ ಗುಡಿಸುವುದು, ಮೂಗು ಒರೆಸುವುದು, ದಿನಕ್ಕೆ ಸರಾಸರಿ ನಲವತ್ತು ಸಲ ಶೂ ಲೇಸ್ ಕಟ್ಟುವುದು ಇವರ ಕೆಲಸ. ದಾಖಲೆಯಲ್ಲಿಲ್ಲದ ಕೆಲಸ ಇನ್ನೊಂದಿದೆ. ವರ್ಷಕ್ಕೊಮ್ಮೆ ಒಂದನೇ ತರಗತಿಗೆ ಒಂದು ತಲೆಕೆಟ್ಟ ದಿನವನ್ನು ಯೋಜಿಸುವುದು. ಪಿಸುಮಾತಿನ ದಿನ ಬಂದುಹೋಗಿದೆ. ಒಂದು ಕೈಯನ್ನು ಸೊಂಡಿಲು ಮಾಡಿಕೊಂಡೇ ಬರೆಯಬೇಕಾದ ಆನೆ ದಿನ ಬಂದುಹೋಗಿದೆ. ಇವತ್ತು ಉಲ್ಟಾ ದಿನ. ಗಂಟೆ ಹೊಡೆದ ಕ್ಷಣದಿಂದ ದೊಡ್ಡವರು ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯಬೇಕು.

ಯಾವ ಆಟವೂ ಮಕ್ಕಳ ಮುಂದೆ ಬರುವ ಮೊದಲು ಎರಡು ಪರೀಕ್ಷೆ ದಾಟಬೇಕು. ಒಂದು ಇವರ ಮಂಡಿಯ ಮೇಲೆ, ಇನ್ನೊಂದು ಮನೆಯಲ್ಲಿ ಗಂಡನ ಮೇಲೆ. ಅವರು ನಿವೃತ್ತ ಬಸ್ ಕಂಡಕ್ಟರ್. "ಮೂವತ್ತು ವರ್ಷ ಜನಕ್ಕೆ ಮುಂದೆ ಹೋಗಿ, ಮುಂದೆ ಹೋಗಿ ಅಂದವನು ನಾನು," ಎನ್ನುತ್ತಾರೆ ಅವರು. "ಈಗ ಇವಳು ನನ್ನನ್ನ ಅಡುಗೆಮನೆ ತುಂಬಾ ಹಿಂದಕ್ಕೆ ನಡೆಸ್ತಾಳೆ. ಮೊನ್ನೆ ಹಾಲಿನ ಪಾತ್ರೆ ಉರುಳಿಸಿದೆ. ಆ ಆಟ ಪಾಸಾಗಲಿಲ್ಲ."

ಆಯಮ್ಮನ ನೋಟ್‌ಬುಕ್ಕಿನಲ್ಲಿ ಗೆದ್ದ ಆಟಗಳಿಗಿಂತ ಕೆಟ್ಟ ಆಟಗಳ ವಿವರವೇ ಉದ್ದ. ಪ್ರತಿ ಪುಟದ ಮೇಲ್ಗಡೆ ಎರಡು ಸಂಖ್ಯೆ: ಬಂದವರು, ಬಾರದವರು. ಎಂಟು ವರ್ಷದ ಹಿಂದಿನ ಒಂದು ಪುಟದಲ್ಲಿ ಬಾರದವರು ಇಬ್ಬರು. ಅಂದು ಒಂದು ಕಾಲಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು ಬಣ್ಣದ ಕಾಲುಚೀಲ ಹಾಕಿ ಬರಬೇಕಿತ್ತು. ಒಬ್ಬ ಹುಡುಗನಿಗೆ ಜ್ವರ.

"ಇನ್ನೊಬ್ಬಳ ಹತ್ರ ಇದ್ದಿದ್ದೇ ಒಂದು ಜೊತೆ," ಎನ್ನುತ್ತಾರೆ ಆಯಮ್ಮ. "ಹೊಟ್ಟೆನೋವು ಅಂತ ಸುಳ್ಳು ಹೇಳಿ ಮಲಗಿಬಿಟ್ಟಿದ್ಲು. ಅವತ್ತಿಂದ ಮನೆಯಿಂದ ಒಂದು ಗುಂಡುಸೂಜಿನೂ ತರಿಸಲ್ಲ. ಏನಿದ್ರೂ ಶಾಲೆಯ ರದ್ದಿಯಲ್ಲೇ."

ಕಳೆದ ವರ್ಷದ್ದು ಏಡಿ ದಿನ. ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆಯಬೇಕು. ಮಂಡಿಯ ಪರೀಕ್ಷೆ ಸೋಮವಾರ ಮುಗಿದಿತ್ತು. ಮಂಗಳವಾರ ಪೇಂಟರ್ ಬಂದು ಹೋದ. ಬುಧವಾರ ಇಪ್ಪತ್ತಾರು ಬಿಳಿ ಅಂಗಿಗಳ ಬೆನ್ನು ಹಸಿರಾಯಿತು. ಏಳು ದೂರು ಬಂದವು.

ಹಾಗಾಗಿ ಇವತ್ತು ಎಂಟೂವರೆಗೆ, ಗಂಟೆ ಹೊಡೆದ ಮೇಲೆ, ಮುಖ್ಯೋಪಾಧ್ಯಾಯಿನಿ ತರಗತಿಯ ಬಾಗಿಲಲ್ಲಿ ನಿಂತು ಹೇಳುತ್ತಾರೆ: "ನೋಡಿ ಆಯಮ್ಮ, ಒಂದೇ ಒಂದು ದೂರು ಬಂದ್ರೂ ಇಂಥ ದಿನಗಳಿಗೆ ಇದೇ ಕೊನೆ."

"ಆಗಲಿ ದೊಡ್ಡ ಮಿಸ್," ಎನ್ನುವ ಆಯಮ್ಮನ ಕೈ ಆಗಲೇ ಟವೆಲ್ಲಿನ ಗಂಟನ್ನು ಇನ್ನೊಮ್ಮೆ ಬಿಗಿಮಾಡುತ್ತಿದೆ.

ಬೆಳಗು ಸಲೀಸಾಗಿ ಕಳೆಯುತ್ತದೆ. ಕುರ್ಚಿಗಳು ಹಿಂಗೋಡೆಗೆ ಮುಖ ಮಾಡಿವೆ. ಮಕ್ಕಳು ಹಾಜರಿ ಕರೆಯುತ್ತಾರೆ, ತರಗತಿಯ ಮಿಸ್ ಮೂವತ್ತೊಂದು ಸಲವೂ ಎದ್ದು ನಿಂತು ಓಗೊಡುತ್ತಾರೆ. ಲೆಕ್ಕ ನೂರರಿಂದ ಶುರುವಾಗಿ ಒಂದಕ್ಕೆ ಇಳಿಯುತ್ತದೆ. ಲೋಟದ ಆಟದಲ್ಲಿ ಹದಿನೆಂಟು ಲೋಟ ಬೀಳುತ್ತವೆ, ಬೀಳಿಸಿದವರಿಗೇ ಚಪ್ಪಾಳೆ. ಪೆಟ್ಟು, ಅಳು, ಬಣ್ಣ, ಯಾವುದೂ ಇಲ್ಲ.

ಹನ್ನೆರಡೂವರೆಗೆ ಮಿಸ್ ಹೇಳುತ್ತಾರೆ, "ಸರಿ ಮಕ್ಕಳೇ, ಮನೆಗೆ ಹೊರಡಿ."

ಒಬ್ಬರೂ ಅಲ್ಲಾಡುವುದಿಲ್ಲ.

"ಹೊರಡಿ ಅಂದ್ರೆ ಕೂತ್ಕೊಳ್ಳಿ ಅಂತ, ಮಿಸ್," ಎಂದು ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ವಿವರಿಸುತ್ತಾಳೆ.

"ಆಟ ಮುಗೀತು ಪುಟ್ಟಾ."

"ಮುಗೀತು ಅಂದ್ರೆ ಮುಗಿದಿಲ್ಲ."

ಆಯಮ್ಮ ಹಣೆ ಮುಟ್ಟಿಕೊಳ್ಳುತ್ತಾರೆ. ಆಟ ಶುರುಮಾಡಲು ಗಂಟೆ ಇತ್ತು. ಮುಗಿಸಲು ಏನೂ ಇಟ್ಟಿರಲಿಲ್ಲ. ಹತ್ತು ನಿಮಿಷ ಕಳೆಯುತ್ತದೆ. ಗೇಟಿನಲ್ಲಿ ಪೋಷಕರ ಗದ್ದಲ ಏರುತ್ತಿದೆ. ಮುಖ್ಯೋಪಾಧ್ಯಾಯಿನಿ ಬಾಗಿಲಿಗೆ ಬಂದು ಕೈಗಡಿಯಾರ ನೋಡಿಕೊಳ್ಳುತ್ತಾರೆ.

"ಹಾಗಾದ್ರೆ ಹೋಗಬೇಡಿ ಅಂದ್ಬಿಡ್ತೀನಿ," ಎಂದು ಮಿಸ್ ಬಾಯಿ ತೆರೆಯುವಷ್ಟರಲ್ಲಿ ಆಯಮ್ಮ ಅವರ ಕೈ ಹಿಡಿಯುತ್ತಾರೆ. "ತಡೀರಿ ಮಿಸ್. ಮೂವತ್ತೊಂದೂ ಒಟ್ಟಿಗೆ ಬಾಗಿಲಿಗೆ ನುಗ್ತವೆ. ಅಲ್ಲಿ ಎರಡು ಮೆಟ್ಟಿಲಿದೆ."

ಆಮೇಲೆ ಮಕ್ಕಳ ಮುಂದೆ ನಿಂತು, ಸೊಂಟಕ್ಕೆ ಕೈಯಿಟ್ಟು ಗದರುತ್ತಾರೆ: "ಎಲ್ಲರೂ ಓಡಿ. ತಳ್ಳಾಡಿ. ಗಂಟಲು ಕಿತ್ತು ಹೋಗೋ ಹಾಗೆ ಕೂಗಿ. ಮನೆಗೆ ಮಾತ್ರ ಯಾರೂ ಹೋಗಬೇಡಿ."

ಮೂವತ್ತೊಂದು ಮಕ್ಕಳು ಎದ್ದು ಸಾಲು ಹಿಡಿದು, ತುಟಿಪಿಟಿಕ್ಕೆನ್ನದೆ ಮೆಟ್ಟಿಲಿಳಿಯುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಇಂಥ ಸಾಲು ತಾವು ಕಂಡಿಲ್ಲ ಎನ್ನುತ್ತಾರೆ ಆಯಮ್ಮ. ಗೇಟಿನ ಗದ್ದಲವೂ ತಣ್ಣಗಾಗುತ್ತದೆ.

ಐದು ನಿಮಿಷಕ್ಕೆ ಒಬ್ಬ ತಾಯಿ ಮಗನ ತೋಳು ಹಿಡಿದು ಆಫೀಸಿಗೆ ಬರುತ್ತಾರೆ. "ಬಾ ಅಂದ್ರೆ ಶಾಲೆ ಕಡೆ ಓಡ್ತಾನೆ ಮೇಡಂ. ಮನೆ ತನಕ ಬರಬೇಡ, ಬರಬೇಡ ಅಂತ ಕೂಗ್ಕೊಂಡು ಹೋಗ್ಲಾ? ನೋಡಿದವರು ಏನಂದ್ಕೋತಾರೆ?" ದೂರಿನ ಪುಸ್ತಕ ಕೇಳಿ ಪಡೆದು ನಾಲ್ಕು ಸಾಲು ಬರೆದು, ಮಗನಿಗೆ "ಇಲ್ಲೇ ಬಿದ್ದಿರು" ಎನ್ನುತ್ತಾರೆ. ಅವನು ಅಮ್ಮನ ಹಿಂದೆಯೇ ಹೊರಡುತ್ತಾನೆ.

ಮುಖ್ಯೋಪಾಧ್ಯಾಯಿನಿ ದೂರನ್ನು ಎರಡು ಸಲ ಓದುತ್ತಾರೆ. ಪೊರಕೆ ಹಿಡಿದ ಆಯಮ್ಮ ಬಾಗಿಲಲ್ಲಿ ನಿಂತಿದ್ದಾರೆ.

"ಒಂದು ದೂರು ಬಂದ್ರೆ ಇದೇ ಕೊನೆ ಅಂದಿದ್ರಿ ದೊಡ್ಡ ಮಿಸ್," ಎಂದು ಅವರೇ ನೆನಪಿಸುತ್ತಾರೆ.

"ಅಂದಿದ್ದೆ." ಮುಖ್ಯೋಪಾಧ್ಯಾಯಿನಿ ಸಹಿ ಹಾಕಿ ಪುಸ್ತಕ ಮುಚ್ಚುತ್ತಾರೆ. "ಆದ್ರೆ ಅಂದಿದ್ದು ಗಂಟೆ ಹೊಡೆದ ಮೇಲೆ, ಅಲ್ವಾ? ಮುಂದಿನ ವರ್ಷ ಮುಗಿಸೋಕೂ ಒಂದು ಗಂಟೆ ಇಟ್ಕೊಳ್ಳಿ."

ಒಂದೂವರೆಯ ಹೊತ್ತಿಗೆ ಆಯಮ್ಮ ಕುರ್ಚಿಗಳನ್ನು ಮತ್ತೆ ಕಪ್ಪುಹಲಗೆಯತ್ತ ತಿರುಗಿಸಿಯಾಗಿದೆ. ಕಪಾಟಿನ ಟವೆಲ್ ಮಾತ್ರ ಬಿಚ್ಚಿಲ್ಲ. ಅದು ಅಲ್ಲೇ ಇರಲಿ ಎನ್ನುತ್ತಾರೆ. ಕೆಲಸಕ್ಕೊಂದು ಬಿರುದೋ ಸನ್ಮಾನವೋ ಬೇಕೆನಿಸಿಲ್ಲವೇ ಎಂದು ಕೇಳಿದರೆ ನಗುತ್ತಾ ನೋಟ್‌ಬುಕ್ ತೆರೆದು ತೋರಿಸುತ್ತಾರೆ. ಬಂದವರು ಮೂವತ್ತೊಂದು. ಅದರ ಪಕ್ಕದಲ್ಲಿ ದುಂಡಗಿನ, ದೊಡ್ಡದೊಂದು ಸೊನ್ನೆ.

"ಇದನ್ನ ಬರೆಯೋಕೆ ನನಗೆ ತುಂಬಾ ಇಷ್ಟ," ಎನ್ನುತ್ತಾರೆ. "ಪ್ರತಿ ವರ್ಷ ಇಷ್ಟು ಬರೆಯೋಕೆ ಸಿಕ್ಕಿದ್ರೆ ಸಾಕು."